ಕಾಯಿದೆಯ ಒಳಗಿನ ಮೃಗ, ಹೊರಗಿನ ಮೃಗ: ಕುಂದಾ ಸೀಮೆಯ ಒಂದೂವರೆ ಶತಮಾನ

ನೀಲಗಿರಿಯ ಎತ್ತರದ ಬಯಲು ನೈಋತ್ಯದಲ್ಲಿ ಮುಗಿದು, ನೆಲವು ಕೇರಳದ ಕಡೆಗೆ ಒಮ್ಮೆಲೇ ಕಡಿದು ಬೀಳುವ ಅಂಚಿನುದ್ದಕ್ಕೂ ನಿಂತಿರುವ ಬೆಟ್ಟಸಾಲಿಗೆ ಕುಂದಾ ಎಂದು ಹೆಸರು. ಆ ಸಾಲಿನಲ್ಲಿ ಹುಟ್ಟಿ ಭವಾನಿಯನ್ನು ಸೇರುವ ಹೊಳೆಗೂ, ಮಂಜೂರನ್ನು ಕೇಂದ್ರವಾಗಿಟ್ಟುಕೊಂಡ ಇಂದಿನ ತಾಲ್ಲೂಕಿಗೂ ಅದೇ ಹೆಸರು ಸಂದಿದೆ. ಶತಮಾನಗಳ ಹಿಂದೆ ಮೈಸೂರು ಕಡೆಯಿಂದ, ಅಂದರೆ ಬಡಗಣ ದಿಕ್ಕಿನಿಂದ, ಬೆಟ್ಟ ಹತ್ತಿ ಬಂದು ನೆಲೆಸಿದ ಬಡಗರು ತಮ್ಮ ನಾಡನ್ನು ತೊದನಾಡು, ಪೊರಂಗಾಡು, ಮೇಕುನಾಡು, ಕುಂದೆ ಎಂದು ನಾಲ್ಕು ಸೀಮೆಗಳಾಗಿ ಹಂಚಿಕೊಂಡಾಗ, ಎಲ್ಲಕ್ಕಿಂತ ತೇವದ, ಎಲ್ಲಕ್ಕಿಂತ ದೂರದ ಸೀಮೆಯಾಗಿ ಉಳಿದದ್ದು ಇದೇ. ಕೋಲಾರಿಬೆಟ್ಟ, ಪಿಚ್ಚಲಬೆಟ್ಟ ಎಂಬ ಶಿಖರಗಳ ಹೆಸರುಗಳನ್ನಾಗಲಿ, ಕೇರಳದ ಗಡಿಗೆ ತಾಗಿದ ಹುಲ್ಲುಗಾವಲಿಗಿರುವ ಭಂಗಿ ತಪ್ಪಲು ಎಂಬ ಹೆಸರನ್ನಾಗಲಿ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಈ ತಪ್ಪಲಿನ ಹೆಸರು ಮಲಬಾರಿಗೂ ಬೆಟ್ಟಕ್ಕೂ ನಡುವೆ ಕಳ್ಳದಾರಿಯಲ್ಲಿ ಸಾಗುತ್ತಿದ್ದ ಗಾಂಜಾದ ನೆನಪನ್ನು ಇಂದಿಗೂ ಹೊತ್ತುಕೊಂಡಿದೆ.

ಭಾರತದಲ್ಲಿ ಕಾಡುಪ್ರಾಣಿಗಳ ರಕ್ಷಣೆಗೆಂದು ಬರವಣಿಗೆಯ ಕಾಯಿದೆ ಬಂದ ಮೊದಲ ಕೆಲವು ಪ್ರದೇಶಗಳಲ್ಲಿ ನೀಲಗಿರಿಯೂ ಒಂದು. ಆ ಕಾಯಿದೆಯ ಹಿಂದಿದ್ದವರ ಕಣ್ಣು ಮುಖ್ಯವಾಗಿ ನೆಟ್ಟಿದ್ದುದು ಕುಂದಾದ ಕಡಿಬಂಡೆಗಳ ಮೇಲೆ. ಆದ್ದರಿಂದ ಈ ಸೀಮೆಯಲ್ಲಿ ವನ್ಯಜೀವಿ ರಕ್ಷಣೆಯ ಚರಿತ್ರೆಯನ್ನು ಬರೆಯುವವರು ಬೇಟೆಯ ಚರಿತ್ರೆಯಿಂದಲೇ ಆರಂಭಿಸಬೇಕಾಗುತ್ತದೆ. ಯಾವ ಮೃಗ ಉಳಿಯಬೇಕು, ಯಾವುದು ಅಳಿಯಬೇಕು ಎಂಬ ಗೆರೆಯನ್ನು ಮೊದಲು ಎಳೆದವರು ಬಂದೂಕು ಹಿಡಿದವರು. ಆ ಗೆರೆ ಮುಂದೆ ಎಷ್ಟೋ ಸಲ ಜಾಗ ಬದಲಿಸಿದರೂ, ಮೃಗದೊಡನೆ ಬಾಳುವುದರ ಖರ್ಚನ್ನು ಯಾರು ಹೊರಬೇಕೆಂಬ ಪ್ರಶ್ನೆ ಮಾತ್ರ ಪ್ರತಿ ಸಲವೂ ಹಟ್ಟಿಯ ಅಂಗಳದಲ್ಲೇ ಉಳಿದುಕೊಂಡಿತು.

ಕಾಯಿದೆ ಬರುವ ಮೊದಲು ಇಲ್ಲಿ ಮನುಷ್ಯರಿಗೂ ಮೃಗಗಳಿಗೂ ಯಾವ ವ್ಯವಸ್ಥೆಯೂ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಎತ್ತರದ ಹುಲ್ಲುಗಾವಲಿನಲ್ಲಿ ಎಮ್ಮೆ ಸಾಕುತ್ತಿದ್ದ ತೊದವರು ಮಾಂಸ ತಿನ್ನದವರಾದ್ದರಿಂದ ಬೇಟೆಯ ಗೊಡವೆಗೆ ಹೋದವರಲ್ಲ. ಬೇಸಿಗೆಯಲ್ಲಿ ಉದಕಮಂಡಲದ ಸುತ್ತಿನ ಹುಲ್ಲು ಒಣಗಿದಾಗ ತಮ್ಮ ಹಿಂಡುಗಳಲ್ಲಿ ಕೆಲವನ್ನು ಕುಂದಾದ ತೇವದ ಇಳಿಜಾರಿಗೆ ಹೊಡೆದುಕೊಂಡು ಬಂದು, ಮಳೆ ಹಿಡಿಯುವ ಮುನ್ನ ಮರಳುತ್ತಿದ್ದರು. ಅವರ ನಂಬಿಕೆಯಲ್ಲಿ ಸತ್ತವರ ಲೋಕ ಇರುವುದೂ ಇದೇ ಪಡುವಣ ದಿಕ್ಕಿನಲ್ಲಿ. ಸಾಮೆ, ಕೊರಲೆ, ರಾಗಿ ಬೆಳೆಯುತ್ತಿದ್ದ ಬಡಗರ ಹಟ್ಟಿಗಳಿಗೆ ಹಂದಿ, ಕಡವೆಗಳ ಕಾಟ ಇದ್ದೇ ಇತ್ತು. ಹೊಲದ ಕಾವಲು ಅಲ್ಲಿ ಬರಿಯ ಕೈಕಸುಬಾಗಿರಲಿಲ್ಲ, ಮಂತ್ರದ ಕೆಲಸವೂ ಆಗಿತ್ತು. ಪ್ರತಿ ಹಟ್ಟಿಯೂ ಕಾಡಂಚಿನ ಕುರುಂಬ ಬುಡಕಟ್ಟಿನವನೊಬ್ಬನಿಗೆ ವರ್ಷಕ್ಕಿಷ್ಟು ಧಾನ್ಯ ಅಳೆಯುತ್ತಿತ್ತು. ಮೊದಲ ಬಿತ್ತನೆಗೆ ಕೈಯಿಡುವವನೂ, ಕೇಡು ತಟ್ಟದಂತೆ ಹೊಲಕ್ಕೆ ಕಟ್ಟು ಹಾಕುವವನೂ ಅವನೇ. ಕಾಡುಮೃಗಗಳು ಕುರುಂಬರ ಮಾತು ಕೇಳುತ್ತವೆ ಎಂಬ ಭಯ ಮಿಶ್ರಿತ ನಂಬಿಕೆ ಬಡಗರಲ್ಲಿ ಬೇರೂರಿತ್ತು. ಮಾಟದ ಆರೋಪ ಹೊರಿಸಿ ಕುರುಂಬರನ್ನು ಕೊಂದ ಘಟನೆಗಳು ಹತ್ತೊಂಬತ್ತನೆಯ ಶತಮಾನದ ನೀಲಗಿರಿಯ ದಾಖಲೆಗಳಲ್ಲಿ ಒಂದಲ್ಲ, ಹಲವು ಇವೆ. ಹೀಗಾಗಿ ಹಳೆಯ ವ್ಯವಸ್ಥೆಯನ್ನು ಸೌಹಾರ್ದದ ಸ್ವರ್ಗವೆಂದು ಬಣ್ಣಿಸಬೇಕಾಗಿಲ್ಲ. ಆದರೆ ಬೆಳೆಯ ನಷ್ಟಕ್ಕೆ ಹೊಣೆ ಹೊರುವ ಒಬ್ಬ ಮನುಷ್ಯ ಅದರಲ್ಲಿದ್ದ, ಆ ಹೊಣೆಗೆ ಒಂದು ಕೂಲಿಯೂ ಇತ್ತು ಎಂಬುದು ಗಮನಿಸಬೇಕಾದ ಮಾತು. ಕುನ್ನೂರು ಕಡೆಯ ಹುಲಿಕಲ್ಲು ಎಂಬ ಊರ ಹೆಸರಿನಂಥವು ಹುಲಿಯೊಡನೆ ಬೆಟ್ಟದ ಜನರಿಗಿದ್ದ ಹಳೆಯ ಲೆಕ್ಕವನ್ನು ಇಂದಿಗೂ ಸೂಚಿಸುತ್ತವೆ.

1799ರಲ್ಲಿ ಟಿಪ್ಪುವಿನ ಪತನದ ಬಳಿಕ ನೀಲಗಿರಿಯು ಕೊಯಮತ್ತೂರಿನೊಂದಿಗೆ ಕಂಪನಿಯ ಕೈಸೇರಿತಾದರೂ, 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಮೇಲೇರಿ ಬರುವವರೆಗೆ ಯುರೋಪಿಯನ್ನರಿಗೆ ಈ ಬೆಟ್ಟದ ಪರಿಚಯ ಅಷ್ಟಕ್ಕಷ್ಟೇ ಇತ್ತು. ಸಲ್ಲಿವನ್ ಬಂದ ಮೇಲೆ ಉದಕಮಂಡಲವು ದಣಿದ ಸಿಪಾಯಿ ಅಧಿಕಾರಿಗಳ ಆರೋಗ್ಯಧಾಮವಾಯಿತು. ಆರೋಗ್ಯ ಮರಳಿದ ಅಧಿಕಾರಿಗೆ ಮಾಡಲು ಕೆಲಸವಿಲ್ಲದಿದ್ದಾಗ ಬೇಟೆಯೇ ಕೆಲಸವಾಯಿತು. 1830ರ ದಶಕದಲ್ಲಿ ಕಲ್ಲಿಕೋಟೆಯಿಂದ ಸಿಸ್ಪಾರಾ ಘಾಟಿಯ ಮೂಲಕ ಕುಂದಾವನ್ನು ಹಾದು ಬರುವ ದಾರಿ ತೆರೆದ ಮೇಲಂತೂ, ಅಲ್ಲಿಯವರೆಗೆ ಎಮ್ಮೆಗಳ ಕಾಲುದಾರಿಗಳಷ್ಟೇ ಇದ್ದ ಹುಲ್ಲುಗಾವಲಿಗೆ ಗುಡಾರ, ಕೂಲಿಯಾಳು, ಬಂದೂಕುಗಳೆಲ್ಲ ಬಂದವು. ಆ ದಾರಿ ಹೆಚ್ಚು ಕಾಲ ಬಾಳಲಿಲ್ಲ. ಮಳೆಗಾಲದ ಕುಂದಾ ದಾರಿಗಳನ್ನು ಉಳಿಸುವ ಊರಲ್ಲ. ಬೆಟ್ಟದ ಮಗ್ಗುಲೊಂದು ಕುಸಿದುಬಿದ್ದದ್ದರಿಂದ ಹಿಮಪಾತ ಎಂಬರ್ಥದ ಅವಲಾಂಚ್ ಎಂಬ ಇಂಗ್ಲಿಷ್ ಹೆಸರು ಪಡೆದ ಜಾಗವೂ ಇಲ್ಲೇ ಇದೆ. ಅದೇ ಅವಲಾಂಚಿಯಲ್ಲಿ 2019ರ ಆಗಸ್ಟ್ 8ರಂದು ಒಂದೇ ದಿನದ ಲೆಕ್ಕಕ್ಕೆ 82 ಸೆಂಟಿಮೀಟರ್ ಮಳೆ ದಾಖಲಾದಾಗ, ಎರಡು ಶತಮಾನ ಹಳೆಯ ಹೆಸರಿಗೆ ಯಾರೂ ಬಯಸದ ಸಮರ್ಥನೆ ದೊರೆತಂತಾಯಿತು.

ಬೇಟೆಗಾರರು ಕುಂದಾದಲ್ಲಿ ಅರಸಿದ್ದು ಬೇರೆಲ್ಲೂ ಸಿಗದ ಒಂದು ಮೃಗವನ್ನು. ತಮಿಳರು ವರಯಾಡು, ಅಂದರೆ ಕಡಿದಾದ ಬಂಡೆಯ ಆಡು ಎಂದು ಕರೆಯುವ, ಇಂದು ನೀಲಗಿರಿ ತಾರ್ ಎಂದು ಪ್ರಸಿದ್ಧವಾದ ಈ ಪ್ರಾಣಿ ಪಶ್ಚಿಮ ಘಟ್ಟದ ದಕ್ಷಿಣ ಭಾಗದ ಎತ್ತರದ ಹುಲ್ಲುಗಾವಲನ್ನು ಬಿಟ್ಟರೆ ಜಗತ್ತಿನ ಬೇರಾವ ಮೂಲೆಯಲ್ಲೂ ಕಾಡಿನಲ್ಲಿ ಇಲ್ಲ. ಗಂಡಿನ ತೂಕ ನೂರು ಕಿಲೋದ ಆಸುಪಾಸಿನಲ್ಲಿದ್ದರೆ ಹೆಣ್ಣಿನದು ಅದರ ಅರ್ಧ. ಗಂಡು ಹೆಣ್ಣು ಎರಡಕ್ಕೂ ಹಿಂದಕ್ಕೆ ಬಾಗಿದ ಕೊಂಬುಗಳಿದ್ದು, ಮೈಗೆ ಗಿಡ್ಡನೆಯ ಒರಟು ಕೂದಲು. ಗಂಡಿಗೆ ವಯಸ್ಸಾದಂತೆ ಮೈ ಕಪ್ಪಗಾಗುತ್ತ, ಬೆನ್ನಿನ ಮೇಲೆ ಜೀನು ಹಾಕಿದಂತೆ ಬೆಳ್ಳಿಬೂದು ಬಣ್ಣದ ಪಟ್ಟೆ ಮೂಡುತ್ತದೆ. ಇಂಥ ಹಳೆಯ ಗಂಡನ್ನು ಬೇಟೆಗಾರರು ಜೀನುಬೆನ್ನಿನದು ಎಂಬರ್ಥದ ಹೆಸರಿನಿಂದ ಕರೆದು, ಅದರ ತಲೆಯನ್ನೇ ಗೋಡೆಗೆ ತೂಗುಹಾಕಲು ಹಂಬಲಿಸುತ್ತಿದ್ದರು. ಹುಲಿಯಾಗಲಿ ಚಿರತೆಯಾಗಲಿ ಸೀಳುನಾಯಿಯಾಗಲಿ ಸಾಮಾನ್ಯವಾಗಿ ಕೆಳಗಿನ ಇಳಿಜಾರಿನಿಂದ ಬರುವುದರಿಂದ, ಬಂಡೆಯ ಅಂಚಿನಲ್ಲಿ ಮಲಗಿ ಮೆಲುಕು ಹಾಕುವ ಹಿಂಡಿನ ಕಣ್ಣೆಲ್ಲ ಕೆಳಕ್ಕೇ ನೆಟ್ಟಿರುತ್ತದೆ. ಅಪಾಯ ಕಂಡೊಡನೆ ಯಾವ ವೈರಿಯೂ ಕಾಲಿಡಲಾಗದ ಕೊರಕಲಿಗೆ ನುಗ್ಗಿಬಿಡುವ ಧೈರ್ಯ ಅದಕ್ಕಿದೆ. ಆದರೆ ಸಾವಿರಾರು ವರ್ಷ ಪಳಗಿದ ಈ ಎಚ್ಚರದಲ್ಲಿ ಮೇಲಿನಿಂದ ಬರುವ ಮನುಷ್ಯನಿಗೆ ಜಾಗವಿರಲಿಲ್ಲ. ಬೆಟ್ಟದ ನೆತ್ತಿಯನ್ನು ಬಳಸಿ ಬಂದು, ಗಾಳಿಯ ದಿಕ್ಕು ನೋಡಿಕೊಂಡು, ಬಂಡೆಯ ಮೇಲಿಂದ ಬಗ್ಗಿ ಗುರಿಯಿಡುವ ಬೇಟೆಗಾರನಿಗೆ ಅದು ಎಷ್ಟೋ ಸಲ ಬೆನ್ನು ಕೊಟ್ಟುಕೊಂಡೇ ಸಿಗುತ್ತಿತ್ತು. ಗುಂಡು ತಗುಲಿದ ಪ್ರಾಣಿಗಳಲ್ಲಿ ಅನೇಕವು ಪ್ರಪಾತಕ್ಕೆ ಉರುಳಿ ಯಾರಿಗೂ ದಕ್ಕುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ನೀಲಗಿರಿಯಲ್ಲಿ ಬೇಟೆಯಾಡಿದ ಡಗ್ಲಸ್ ಹ್ಯಾಮಿಲ್ಟನ್ ಎಂಬ ಸೇನಾಧಿಕಾರಿ ಬಂದೂಕಿನ ಜೊತೆಗೆ ಚಿತ್ರ ಬರೆಯುವ ಕೈಯೂ ಇದ್ದವನು. ಅವನ ಬೇಟೆಯ ದಿನಚರಿಗಳು 1892ರಲ್ಲಿ ಪುಸ್ತಕವಾದವು. ಅಂಥವರ ಬರಹಗಳನ್ನು ಓದುವವರಿಗೆ, ಒಂದೇ ತಲೆಮಾರಿನಲ್ಲಿ ಹೇರಳತೆಯ ವರ್ಣನೆ ಕೊರತೆಯ ದೂರಾಗಿ ಮಾರ್ಪಡುವುದು ಕಾಣಿಸುತ್ತದೆ. 1870ರ ದಶಕದ ಹೊತ್ತಿಗೆ ಉದಕಮಂಡಲದ ಯುರೋಪಿಯನ್ ಸಮಾಜದಲ್ಲಿ ಮೃಗಗಳು ಮುಗಿಯುತ್ತಿವೆ ಎಂಬ ಕೂಗು ಎದ್ದು, 1877ರಲ್ಲಿ ಬೇಟೆಯ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು ಒಂದು ಸಂಘ ಹುಟ್ಟಿತು. ನೀಲಗಿರಿ ಗೇಮ್ ಅಸೋಸಿಯೇಷನ್ ಎಂದು ಬಹುಕಾಲ ಕರೆಸಿಕೊಂಡು, ಇಂದು ನೀಲಗಿರಿ ವನ್ಯಜೀವಿ ಮತ್ತು ಪರಿಸರ ಸಂಘವಾಗಿ ಉಳಿದಿರುವುದು ಇದೇ ಸಂಸ್ಥೆ. ಅದರ ಒತ್ತಾಯದ ಫಲವಾಗಿ ಮದ್ರಾಸ್ ಸರ್ಕಾರ 1879ರಲ್ಲಿ ನೀಲಗಿರಿ ಜಿಲ್ಲೆಗೆ ಮಾತ್ರ ಅನ್ವಯಿಸುವ ಕಾಯಿದೆಯೊಂದನ್ನು ಜಾರಿಗೆ ತಂದಿತು. ಮೃಗಗಳು ಮರಿಹಾಕುವ ಕಾಲವನ್ನು ಗಮನಿಸಿ ಬೇಟೆ ನಿಷಿದ್ಧವಾದ ತಿಂಗಳುಗಳನ್ನು ಗೊತ್ತುಮಾಡುವುದು, ಉಳಿದ ತಿಂಗಳುಗಳಲ್ಲಿ ಪರವಾನಗಿ ಇದ್ದವರಿಗಷ್ಟೇ ಬೇಟೆಯಾಡಲು ಬಿಡುವುದು, ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದನ್ನು ತಡೆಯುವುದು ಈ ವ್ಯವಸ್ಥೆಯ ತಿರುಳು.

ಈ ಕಾಯಿದೆ ರಕ್ಷಣೆಗೆಂದು ಪಟ್ಟಿ ಮಾಡಿದ ಪ್ರಾಣಿಗಳ ಹೆಸರುಗಳೇ ಒಂದು ಅಧ್ಯಯನಕ್ಕೆ ವಸ್ತುವಾಗಬಲ್ಲವು. ಕಾಟಿ ಅದರಲ್ಲಿ ಅಮೆರಿಕದ ಬೈಸನ್ನಾಗಿ ಕಾಣಿಸಿಕೊಂಡಿತು. ತಾರ್ ಯುರೋಪಿನ ಆಲ್ಪ್ಸ್ ಪರ್ವತದ ಐಬೆಕ್ಸ್ ಆಯಿತು. ಕಾಡುಕುರಿ ಮಾತ್ರ ನಾವೂ ಬಳಸುವ ಹೆಸರಿನ ಪದಶಃ ಅನುವಾದವಾಗಿ ಜಂಗಲ್ ಶೀಪ್ ಎಂದು ನಿಂತಿತು, ಅದು ಕುರಿಯಲ್ಲ, ಜಿಂಕೆಯ ಜಾತಿಯದು ಎಂಬುದು ಬೇರೆ ಮಾತು. ಹೆಸರಿನ ಗೊಂದಲ ಶಾಸ್ತ್ರಜ್ಞರನ್ನೂ ಬಿಟ್ಟಿಲ್ಲ. 1838ರಲ್ಲಿ ಓಗಿಲ್ಬಿ ಎಂಬ ಪ್ರಾಣಿಶಾಸ್ತ್ರಜ್ಞ ತಾರ್‌ಗೆ ಕೊಟ್ಟ ಹೈಲೊಕ್ರಿಯಸ್ ಎಂಬ ಗ್ರೀಕ್ ಮೂಲದ ಹೆಸರಿಗೆ ಕಾಡಿನ ಟಗರು ಎಂದರ್ಥ. ಬಳಿಕ ದೀರ್ಘಕಾಲ ಅದನ್ನು ಹಿಮಾಲಯದ ತಾರ್‌ನ ದಾಯಾದಿಯೆಂದು, ಆಡಿನ ಕುಲದ್ದೆಂದು ಎಣಿಸಲಾಗಿತ್ತು. 2005ರಲ್ಲಿ ನಡೆದ ವಂಶವಾಹಿ ಪರೀಕ್ಷೆ ಅದು ಆಡಿಗಿಂತ ಕುರಿಗೆ ಹತ್ತಿರವೆಂದು ತೋರಿಸಿದ್ದರಿಂದ ಅದಕ್ಕೊಂದು ಪ್ರತ್ಯೇಕ ಕುಲವನ್ನೇ ಕಟ್ಟಬೇಕಾಯಿತು. ಆಡು ಎಂಬ ಒಂದೇ ಮಾತಿನಲ್ಲಿ ಕುರಿ ಮೇಕೆ ಎರಡನ್ನೂ ಅಡಗಿಸಿಕೊಳ್ಳುವ ತಮಿಳು ಈ ಜಗಳದಿಂದ ಸುಲಭವಾಗಿ ಪಾರಾಗಿದೆ.

ಪಟ್ಟಿಯಲ್ಲಿ ಇರುವ ಹೆಸರುಗಳಿಗಿಂತ ಇಲ್ಲದ ಹೆಸರುಗಳು ಹೆಚ್ಚು ಮಾತಾಡುತ್ತವೆ. ಹುಲಿ, ಚಿರತೆ, ಕರಡಿ, ಸೀಳುನಾಯಿ ಅದರಲ್ಲಿ ಇರಲಿಲ್ಲ. ಹುಲಿ ಚಿರತೆಗಳನ್ನು ಕೊಂದು ತಂದವರಿಗೆ ಸರ್ಕಾರಿ ಕಚೇರಿಯಲ್ಲಿ ಇನಾಮು ಎಣಿಸಿಕೊಡುವ ಪದ್ಧತಿ ಮದ್ರಾಸ್ ಪ್ರಾಂತ್ಯದಲ್ಲಿ ಆಗಲೇ ಊರಿತ್ತು. ಕಡವೆ, ತಾರ್‌ಗಳನ್ನು ತಿಂದುಹಾಕುವ ಸೀಳುನಾಯಿಯನ್ನಂತೂ ಬೇಟೆಗಾರರು ತಮ್ಮ ಪಾಲನ್ನು ಕದಿಯುವ ಕಳ್ಳನೆಂದೇ ಬಗೆದಿದ್ದರು. ಆನೆಯ ಸ್ಥಿತಿ ಬೇರೆಯಿತ್ತು. ಕಾಡಾನೆಗಳನ್ನು ಮನಬಂದಂತೆ ಕೊಲ್ಲುವುದನ್ನು ತಡೆಯಲು ಮದ್ರಾಸ್ ಸರ್ಕಾರ 1873ರಲ್ಲೇ ಒಂದು ಕಾಯಿದೆ ಮಾಡಿತ್ತು, ಏಕೆಂದರೆ ಹಿಡಿದು ಪಳಗಿಸಿದ ಆನೆ ಮರ ಎಳೆಯುವ, ಸೇನೆಯ ಸಾಮಾನು ಹೊರುವ ಸರ್ಕಾರಿ ಆಸ್ತಿಯಾಗಿತ್ತು. 1879ರಲ್ಲಿ ಭಾರತ ಸರ್ಕಾರ ತಂದ ಆನೆ ಸಂರಕ್ಷಣಾ ಕಾಯಿದೆಯು ಪ್ರಾಣರಕ್ಷಣೆಗಾಗಿ ಇಲ್ಲವೇ ಮನೆ, ಬೆಳೆ ಹಾಳುಮಾಡುತ್ತಿರುವಾಗ ಆನೆಯನ್ನು ಕೊಲ್ಲುವುದಕ್ಕೆ ವಿನಾಯಿತಿಯನ್ನೂ ಇಟ್ಟಿತ್ತು. ಅಂದರೆ ರೈತನ ನಷ್ಟ ಎಂಬ ವಿಷಯ ಆ ಕಾಲದ ಕಾನೂನು ಬರೆಯುವವರ ತಲೆಗೆ ಹೊಳೆಯದ ಸಂಗತಿಯೇನಲ್ಲ. ಆದರೂ ನೀಲಗಿರಿಯ ಕಾಯಿದೆಯನ್ನು ಓದುವವರಿಗೆ ಅದು ಬೇಟೆಗಾರನ ಋತುವನ್ನು ಕಾಯುವ ಶಾಸನವಾಗಿಯೇ ಕಾಣಿಸುತ್ತದೆ. ಹೊಲಕ್ಕೆ ನುಗ್ಗುವ ಕಡವೆ ರಕ್ಷಿತ ಪ್ರಾಣಿಯಾಯಿತು. ಕಡವೆಯನ್ನು ತಿಂದು ಹೊಲಕ್ಕೆ ಒಂದಿಷ್ಟು ಉಪಕಾರ ಮಾಡುತ್ತಿದ್ದ ಹುಲಿ, ಸೀಳುನಾಯಿಗಳು ಕೊಲ್ಲಬೇಕಾದ ಪ್ರಾಣಿಗಳಾದವು.

1882ರ ಮದ್ರಾಸ್ ಅರಣ್ಯ ಕಾಯಿದೆ ಬಂದ ಬಳಿಕ ಕುಂದಾದ ಹುಲ್ಲುಗಾವಲು ಮತ್ತು ಶೋಲಾಗಳು ಮೀಸಲು ಅರಣ್ಯದ ಲೆಕ್ಕಕ್ಕೆ ಸೇರುತ್ತ ಹೋದವು. ಶೋಲಾ ಎಂದರೆ ಎತ್ತರದ ಬೆಟ್ಟಗಳ ಮಡಿಲಿನಲ್ಲಿ, ನೀರಿನ ಒರತೆಗಳ ಸುತ್ತ ಗುಂಪುಗೂಡಿ ಬೆಳೆಯುವ ಗಿಡ್ಡ ಮರಗಳ ನಿತ್ಯಹಸಿರು ಕಾಡು. ಅದರ ಹೊರಗಿನ ಇಳಿಜಾರೆಲ್ಲ ಹುಲ್ಲು. ಈ ಹುಲ್ಲಿಗೆ ಬೇಸಿಗೆಯಲ್ಲಿ ಬೆಂಕಿಯಿಟ್ಟು ಹೊಸ ಚಿಗುರು ಬರಿಸುವ ವಾಡಿಕೆ ಎಮ್ಮೆ ಸಾಕುವವರಲ್ಲಿ ಇತ್ತು. ಇಲಾಖೆಯ ಕಣ್ಣಿಗೆ ಬೆಂಕಿ ಅಪರಾಧವಾಗಿಯೂ, ಮರವಿಲ್ಲದ ಹುಲ್ಲುಗಾವಲು ಪಾಳುಭೂಮಿಯಾಗಿಯೂ ಕಂಡಿತು. ಕುಂದಾದ ಮುಂದಿನ ನೂರು ವರ್ಷದ ಅನರ್ಥಕ್ಕೆ ಬೀಜವಾದದ್ದು ಇವುಗಳಲ್ಲಿ ಎರಡನೆಯ ತಪ್ಪು. ಬೇಟೆಯ ಸಂಘ ಮಾತ್ರ ತನ್ನ ಪಾಡಿಗೆ ತಾನು ನಡೆದಿತ್ತು. ಇಂಗ್ಲೆಂಡಿನ ಹೊಳೆಗಳ ಟ್ರೌಟ್ ಮೀನನ್ನು ಇಲ್ಲಿ ನೆಲೆಗೊಳಿಸುವ ಪ್ರಯತ್ನ 1860ರ ದಶಕದಿಂದಲೂ ಸಾಗಿ, ಕೊನೆಗೆ 1907ರಲ್ಲಿ ವಿಲ್ಸನ್ ಎಂಬ ಅಧಿಕಾರಿಯ ಕಾಲದಲ್ಲಿ ಅವಲಾಂಚಿಯಲ್ಲಿ ಮೀನುಮರಿ ಕೇಂದ್ರ ನೆಲೆಯೂರಿತು. ತಾರ್ ವಿಷಯದಲ್ಲಿ ಪ್ರಾಯದ ಗಂಡುಗಳನ್ನಷ್ಟೇ ಹೊಡೆಯಬೇಕೆಂಬ ಕಟ್ಟುಪಾಡನ್ನು ಸಂಘ ಬಿಗಿಯಾಗಿ ನಡೆಸಿತು. ಅದರ ಗೌರವ ಕಾರ್ಯದರ್ಶಿಯಾಗಿದ್ದ ಫಿಥಿಯನ್-ಆ್ಯಡಮ್ಸ್ 1939ರಲ್ಲಿ ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಪತ್ರಿಕೆಯಲ್ಲಿ ತಮ್ಮ ಸಂಸ್ಥೆಯ ಅರುವತ್ತು ವರ್ಷಗಳ ಚರಿತ್ರೆಯನ್ನು ಬರೆದರು. ಉದ್ದೇಶ ಏನೇ ಇರಲಿ, ಕುಂದಾದ ಬಂಡೆಗಳ ಮೇಲೆ ತಾರ್ ಆ ಅರುವತ್ತು ವರ್ಷಗಳನ್ನು ದಾಟಿ ಉಳಿಯಿತೆಂಬುದಕ್ಕೆ ಬೇಟೆಗಾರರ ಈ ಕಟ್ಟುನಿಟ್ಟಿನ ಪಾಲಿದೆ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು.

ಬಂದೂಕಿನಿಂದ ಉಳಿದದ್ದಕ್ಕೆ ಅಭಿವೃದ್ಧಿಯಿಂದ ಕುತ್ತು ಬಂದದ್ದು ಸ್ವಾತಂತ್ರ್ಯದ ನಂತರ. ಕೆನಡಾದ ನೆರವಿನೊಂದಿಗೆ, ಕೊಲಂಬೊ ಯೋಜನೆಯಡಿ 1950ರ ದಶಕದ ನಡುವಿನಲ್ಲಿ ಕೈಗೆತ್ತಿಕೊಂಡ ಕುಂದಾ ಜಲವಿದ್ಯುತ್ ಯೋಜನೆ ಅವಲಾಂಚಿ, ಎಮೆರಾಲ್ಡ್, ಅಪ್ಪರ್ ಭವಾನಿ, ಪೋರ್ತಿಮಂದು ಮುಂತಾದ ಕಡೆ ಅಣೆಕಟ್ಟುಗಳನ್ನು ನಿಲ್ಲಿಸಿ, ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆದು ಒಂದು ಕಣಿವೆಯ ನೀರನ್ನು ಇನ್ನೊಂದಕ್ಕೆ ತಿರುಗಿಸಿತು. ಆ ನೀರು ಕುಂದಾ, ಗೆದ್ದೆ, ಪಿಲ್ಲೂರುಗಳ ವಿದ್ಯುದಾಗಾರಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತ ಇಂದಿಗೂ ತಮಿಳುನಾಡಿಗೆ ಬೆಳಕು ಕೊಡುತ್ತಿದೆ. ಕಣಿವೆಯ ತಳದ ಹುಲ್ಲು ಮುಳುಗಿತು. ಅದಕ್ಕಿಂತ ಹೆಚ್ಚಾಗಿ, ಕುದುರೆ ಇಲ್ಲವೇ ಕಾಲ್ನಡಿಗೆಯಲ್ಲಷ್ಟೇ ತಲುಪಬಹುದಾಗಿದ್ದ ಬಂಡೆಯಂಚಿನವರೆಗೆ ಲಾರಿಯ ರಸ್ತೆ ಬಂತು, ಸಾವಿರಾರು ಕೆಲಸಗಾರರ ಬಿಡಾರಗಳು ಬಂದವು, ಬಿಡಾರಗಳೊಂದಿಗೆ ಉರುಳು ಮತ್ತು ನಾಡಬಂದೂಕು ಬಂದವು.

ಅದೇ ದಶಕಗಳಲ್ಲಿ ಪಾಳುಭೂಮಿ ಎಂಬ ಹಳೆಯ ತಪ್ಪು ಸರ್ಕಾರಿ ಯೋಜನೆಯಾಗಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲೇ ಆಸ್ಟ್ರೇಲಿಯಾದಿಂದ ಬಂದಿದ್ದ ನೀಲಗಿರಿ ಮರವನ್ನೂ ವಾಟಲ್ ಎಂಬ ಅಕೇಶಿಯಾ ಜಾತಿಯ ಮರವನ್ನೂ ಪಂಚವಾರ್ಷಿಕ ಯೋಜನೆಗಳ ಕಾಲದಲ್ಲಿ ಹುಲ್ಲುಗಾವಲಿನ ಮೇಲೆ ಸಾವಿರಾರು ಎಕರೆಗಳಲ್ಲಿ ನೆಡಲಾಯಿತು. ಒಂದರ ತಿರುಳು ಸಿರುಮುಗೈಯ ಕೃತಕ ರೇಷ್ಮೆಯ ಕಾರ್ಖಾನೆಗೆ, ಇನ್ನೊಂದರ ತೊಗಟೆ ತೊಗಲು ಹದಮಾಡುವುದಕ್ಕೆ. ವಾಟಲ್ ನೆಟ್ಟಲ್ಲಿ ನಿಲ್ಲುವ ಮರವಲ್ಲ. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದಿದ್ದು, ಮರ ಕಡಿದಾಗ ಬೀಳುವ ಬಿಸಿಲಿಗೋ ಬೆಂಕಿಯ ಕಾವಿಗೋ ಒಟ್ಟಿಗೆ ಮೊಳೆತು, ಕಡಿದ ಒಂದು ಮರದ ಜಾಗದಲ್ಲಿ ನೂರು ಸಸಿ ಎದ್ದುನಿಲ್ಲುತ್ತವೆ. ಬಯಲಿನಲ್ಲಿ ದೂರದೃಷ್ಟಿಯನ್ನು ನಂಬಿ ಬದುಕುವ ತಾರ್‌ಗೆ ವಾಟಲ್ ಕಾಡೆಂದರೆ ಗೋಡೆ ಕಟ್ಟಿದಂತೆ. ಅದೇ ಕಾಡು ಕಾಟಿಗೆ ಮರೆ, ಹುಲಿಗೆ ಹೊಂಚು. ಎಂಬತ್ತರ ದಶಕದಲ್ಲಿ ಹುಲ್ಲುಗಾವಲಿನ ಮೇಲೆ ಹೊಸದಾಗಿ ವಾಟಲ್ ನೆಡುವುದು ನಿಂತು, ಈಗ ಅದನ್ನು ಕಿತ್ತು ಹುಲ್ಲನ್ನು ಮರಳಿಸುವ ಕೆಲಸಕ್ಕೆ ಅದೇ ಅರಣ್ಯ ಇಲಾಖೆ ಹಣ ಸುರಿಯುತ್ತಿದೆ.

ಹಟ್ಟಿಗಳ ಕಡೆಯೂ ನೆಲ ಮಗ್ಗುಲಾಗುತ್ತಿತ್ತು. ಸಾಮೆ, ಕೊರಲೆಗಳ ಜಾಗಕ್ಕೆ ಮೊದಲು ಆಲೂಗೆಡ್ಡೆ ಬಂದಿತ್ತು. ಅನಂತರ ಚಹಾ ಬಂತು. ಸಣ್ಣ ಬೆಳೆಗಾರರ ಎಲೆ ಕೊಳ್ಳಲೆಂದು 1962ರಲ್ಲಿ ಕುಂದಾದಲ್ಲಿ ಸಹಕಾರಿ ಚಹಾ ಕಾರ್ಖಾನೆ ಆರಂಭವಾದ ಮೇಲೆ ಮಂಜೂರು, ಕಿನ್ನಕೊರೆ, ಬಿಕ್ಕಟ್ಟಿಯ ಇಳಿಜಾರುಗಳು ವರ್ಷವಿಡೀ ಹಸಿರಾಗಿರುವ ತೋಟಗಳಾದವು. ಎಮ್ಮೆಗಳು ಕಡಿಮೆಯಾದವು. ಹಿಂಡು ಮೇಯಿಸುತ್ತ ಕಾಡಂಚಿನಲ್ಲಿ ದಿನವಿಡೀ ಇರುತ್ತಿದ್ದ ಮನುಷ್ಯನ ಜಾಗಕ್ಕೆ, ಬೆಳಿಗ್ಗೆ ಸಾಲಿಗೆ ಬಗ್ಗಿ ನಿಂತು ಎಲೆ ಕೀಳುವ ಹೆಂಗಸರು ಬಂದರು. ಚಹಾದ ಎಲೆಯನ್ನು ಕಾಡುಮೃಗ ತಿನ್ನುವುದಿಲ್ಲವಾದ್ದರಿಂದ ಈ ಬೆಳೆಗೆ ಕಾವಲು ಬೇಡವೆನಿಸಿದ್ದು ಸಹಜ. ಆದರೆ ತೋಟ ತಾನೇ ಮೃಗಕ್ಕೆ ಆಸರೆಯಾದೀತೆಂದು ಯಾರೂ ಎಣಿಸಿರಲಿಲ್ಲ.

ಈ ಬದಲಾವಣೆಗಳ ನಡುವೆ ತಾರ್‌ಗಳನ್ನು ಮೊದಲ ಬಾರಿಗೆ ಕ್ರಮವಾಗಿ ಎಣಿಸಲು ಹೊರಟವರು ನೀಲಗಿರಿಯ ವಕೀಲರಾಗಿದ್ದ ಇ.ಆರ್.ಸಿ. ಡೇವಿದಾರ್. ಹಳೆಯ ಬೇಟೆಯ ಸಂಘದ ಪದಾಧಿಕಾರಿಯಾಗಿ, ತರುಣನಾಗಿದ್ದಾಗ ಬಂದೂಕನ್ನೂ ಬಳಿಕ ಕ್ಯಾಮೆರಾವನ್ನೂ ಹಿಡಿದ ಅವರು 1963ರಲ್ಲೂ 1975ರಲ್ಲೂ ಕುಂದಾದ ಅಂಚಿನುದ್ದಕ್ಕೂ ನಡೆದು ಎಣಿಸಿದರು. ನೀಲಗಿರಿಯ ಆಚೆಗೂ ಹುಡುಕಾಟ ನಡೆಸಿ, ಈ ಪ್ರಾಣಿ ಇರುವ ನೆಲೆಗಳೆಲ್ಲವನ್ನೂ ಸೇರಿಸಿ ಸುಮಾರು 2,230 ಎಂಬ ಅಂದಾಜನ್ನು 1978ರಲ್ಲಿ ಪ್ರಕಟಿಸಿದರು. ಸೀಗೂರಿನ ಕಾಡಿನಂಚಿನ ತಮ್ಮ ಮನೆಯ ಬದುಕನ್ನು ಕುರಿತು ಅವರು ಬರೆದ ‘ಚೀತಲ್ ವಾಕ್’ ಪುಸ್ತಕ 1997ರಲ್ಲಿ ಹೊರಬಂತು. ಅಷ್ಟರೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ತಾರ್, ಹುಲಿ, ಕಾಟಿಗಳನ್ನು ಒಂದೇ ಮೇಲುಪಟ್ಟಿಯಲ್ಲಿ ನಿಲ್ಲಿಸಿ ಅವುಗಳ ಬೇಟೆಗೆ ಕೊನೆ ಹಾಡಿತ್ತು. ಕುಂದಾದ ಪಡುವಣ ಅಂಚು 1982ರಲ್ಲಿ ಮುಕುರ್ತಿ ಅಭಯಾರಣ್ಯವಾಗಿ, 1990ರಲ್ಲಿ 78.46 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನವಾಯಿತು. ಗಡಿಯಾಚೆಗೆ ಕೇರಳದ ಮೌನ ಕಣಿವೆ ಅದಕ್ಕೆ ತಾಗಿಕೊಂಡೇ ಇದೆ. 2023ರಲ್ಲಿ ತಮಿಳುನಾಡು ಸರ್ಕಾರ 25 ಕೋಟಿ ರೂಪಾಯಿಗಳ ನೀಲಗಿರಿ ತಾರ್ ಯೋಜನೆಗೆ ಚಾಲನೆ ನೀಡಿ, ಡೇವಿದಾರ್ ಅವರ ನೆನಪಿಗಾಗಿ ಅಕ್ಟೋಬರ್ 7ನ್ನು ತಾರ್ ದಿನವೆಂದು ಗೊತ್ತುಮಾಡಿತು. ರಾಜ್ಯದಲ್ಲಿ 2024ರ ಎಣಿಕೆಯಲ್ಲಿ 1,031, ಕೇರಳದೊಂದಿಗೆ ಏಕಕಾಲಕ್ಕೆ ನಡೆಸಿದ 2025ರ ಎಣಿಕೆಯಲ್ಲಿ 1,303 ತಾರ್‌ಗಳು ಲೆಕ್ಕಕ್ಕೆ ಸಿಕ್ಕವು.

ಇಷ್ಟೆಲ್ಲ ಗಮನ ಪಡೆದ ತಾರ್ ಮನುಷ್ಯರೊಡನೆ ಯಾವ ಜಗಳಕ್ಕೂ ಬಾರದ ಪ್ರಾಣಿ ಎಂಬುದನ್ನು ಮರೆಯುವಂತಿಲ್ಲ. ಅದು ಹೊಲಕ್ಕೆ ಇಳಿಯುವುದಿಲ್ಲ, ಯಾರನ್ನೂ ಹಾಯುವುದಿಲ್ಲ. ಅದರ ರಕ್ಷಣೆಗೆ ಹಟ್ಟಿಯವರು ತೆರಬೇಕಾದ ಬೆಲೆ ಕಡಿಮೆ. ತೋಟದ ಸಾಲುಗಳ ಕತೆ ಹೀಗಿಲ್ಲ. ಆಳೆತ್ತರದ ಹೆಗಲಿನ ಕಾಟಿ, ಸೊಂಟದೆತ್ತರಕ್ಕೆ ಕತ್ತರಿಸಿದ ಚಹಾ ಗಿಡಗಳ ನಡುವೆ ಬಿಳಿಯ ಕಾಲುಚೀಲ ಹಾಕಿಕೊಂಡಂತೆ ನಿಂತಿದ್ದರೆ ಅದು ಹೇಗೂ ದೂರದಿಂದ ಕಾಣುತ್ತದೆ. ಕರಡಿ ಹಾಗಲ್ಲ. ಮೇಲ್ಗಡೆ ಮೇಜಿನಂತೆ ಸಮತಟ್ಟಾಗಿರುವ ಚಹಾದ ಗಿಡಗಳು ಬುಡದಲ್ಲಿ ಟೊಳ್ಳಾದ ಸುರಂಗದಂತಿದ್ದು, ಅದರೊಳಗೆ ಮಲಗಿದ ಕರಡಿ ಎಲೆ ಕೀಳುವ ಕೈ ಹತ್ತಿರ ಬರುವವರೆಗೂ ಯಾರ ಕಣ್ಣಿಗೂ ಬೀಳುವುದಿಲ್ಲ, ಬಿದ್ದಾಗ ಎರಡು ಕಡೆಯವರಿಗೂ ಓಡಲು ದಾರಿಯಿರುವುದಿಲ್ಲ. ದೀಪದ ಎಣ್ಣೆಗಾಗಿ ಗುಡಿಯ ಬಾಗಿಲು ಮುರಿಯುವುದು, ಅಂಗಡಿಯ ಹಿಂಬಾಗಿಲು ಒಡೆದು ತಿಂಡಿ ಎಳೆದುಹಾಕುವುದು ಬೆಟ್ಟದ ಕರಡಿಗಳಿಗೆ ರೂಢಿಯಾಗಿದೆ. ಮಂಜೂರಿನಿಂದ ಗೆದ್ದೆಯ ಮೂಲಕ ಕೊಯಮತ್ತೂರಿಗೆ ಇಳಿಯುವ ತಿರುವುಗಳ ರಸ್ತೆಯಲ್ಲಿ ಪಿಲ್ಲೂರು ಕಡೆಯಿಂದ ಹತ್ತಿಬರುವ ಆನೆಗಳು ಬಸ್ಸನ್ನು ಗಂಟೆಗಟ್ಟಲೆ ನಿಲ್ಲಿಸುವುದು ಸುದ್ದಿಯಾಗುವಷ್ಟು ಅಪರೂಪದ್ದೂ ಅಲ್ಲ.

ಹುಲಿಯ ಪ್ರಶ್ನೆ ಇವೆಲ್ಲಕ್ಕಿಂತ ಗಡುಸಾದದ್ದು. 1972ರ ಕಾಯಿದೆಯ 11ನೆಯ ಕಲಮಿನ ಪ್ರಕಾರ ಮನುಷ್ಯರ ಪ್ರಾಣಕ್ಕೆ ಎರವಾದ ಹುಲಿಯನ್ನೂ, ಅದನ್ನು ಹಿಡಿಯುವುದಾಗಲಿ ಬೇರೆಡೆಗೆ ಸಾಗಿಸುವುದಾಗಲಿ ಸಾಧ್ಯವಿಲ್ಲವೆಂದು ಮನವರಿಕೆಯಾದಲ್ಲಿ ಮಾತ್ರ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶದಿಂದ ಕೊಲ್ಲಬಹುದು. 2014ರ ಜನವರಿಯಲ್ಲಿ ದೊಡ್ಡಬೆಟ್ಟದ ಸುತ್ತಿನ ಹಟ್ಟಿಗಳಲ್ಲಿ ಮೂವರನ್ನು ಕೊಂದ ಹುಲಿಯನ್ನು ಗುಂಡಿಕ್ಕಿ ಕೊಲ್ಲಲಾಯಿತು. 2021ರಲ್ಲಿ ಗೂಡಲೂರು, ಮಸಿನಗುಡಿಗಳಲ್ಲಿ ಜನರನ್ನೂ ದನಗಳನ್ನೂ ಕೊಂದು, ಟಿ23 ಎಂಬ ಸಂಖ್ಯೆಯಿಂದ ಹೆಸರಾದ ಹುಲಿಯ ವಿಷಯ ಮದ್ರಾಸ್ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಜೀವಂತ ಹಿಡಿಯಲು ಮೊದಲು ಪ್ರಯತ್ನಿಸಬೇಕೆಂಬ ನಿಲುವು ಗೆದ್ದು, ಮೂರು ವಾರಗಳ ಹುಡುಕಾಟದ ನಂತರ ಅಕ್ಟೋಬರ್ 15ರಂದು ಅದನ್ನು ಅರಿವಳಿಕೆ ಕೊಟ್ಟು ಹಿಡಿದು ಮೈಸೂರಿನ ಪುನರ್ವಸತಿ ಕೇಂದ್ರಕ್ಕೆ ಸಾಗಿಸಲಾಯಿತು. ಏಳು ವರ್ಷಗಳ ಅಂತರದಲ್ಲಿ ಒಂದೇ ಜಿಲ್ಲೆಯಲ್ಲಿ ಒಂದೇ ಕಲಮು ಎರಡು ಬಗೆಯಲ್ಲಿ ಕೆಲಸ ಮಾಡಿತು.

ಮನುಷ್ಯನನ್ನು ಕೊಂದ ಹುಲಿಗೆ ಇಂಥದೊಂದು ಕಲಮಾದರೂ ಇದೆ. ದನವನ್ನು ಕೊಂದ ಹುಲಿಗೆ ಇರುವುದು ಮಾಲೀಕ ಸಲ್ಲಿಸುವ ಪರಿಹಾರದ ಅರ್ಜಿ ಮಾತ್ರ. 2023ರ ಸೆಪ್ಟೆಂಬರಿನಲ್ಲಿ ಅವಲಾಂಚಿಯ ಅಣೆಕಟ್ಟಿನ ಬಳಿ ಎರಡು ಹುಲಿಗಳು ಸತ್ತುಬಿದ್ದದ್ದು ಕಂಡುಬಂತು. ಹತ್ತಿರದಲ್ಲೇ ಒಂದು ಹಸುವಿನ ಕಳೇಬರವಿತ್ತು. ತನಿಖೆ ಆ ಕಳೇಬರಕ್ಕೆ ಕೀಟನಾಶಕ ಸೇರಿಸಲಾಗಿತ್ತೆಂಬಲ್ಲಿಗೆ ಬಂದು ನಿಂತು, ತನ್ನ ಹಸುವನ್ನು ಹುಲಿ ಹಿಡಿದ ಸಿಟ್ಟಿಗೆ ಹೀಗೆ ಮಾಡಿದನೆಂದು ಹಸುವಿನ ಒಡೆಯನನ್ನು ಅರಣ್ಯ ಇಲಾಖೆ ಬಂಧಿಸಿತು. ಕೊಂದ ದೊಡ್ಡ ಪ್ರಾಣಿಯನ್ನು ಹುಲಿ ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಹೊಟ್ಟೆ ತುಂಬಿದಷ್ಟು ತಿಂದು ಮರೆಗೆ ಸರಿದು, ಕತ್ತಲಾದ ಮೇಲೆ ಮರಳಿ ಬರುತ್ತದೆ. ಮರಳಿ ಬರುವ ಈ ಅಭ್ಯಾಸವನ್ನು ನಂಬಿಯೇ ಒಂದು ಕಾಲದ ಬೇಟೆಗಾರ ಸತ್ತ ದನದ ಮೇಲಿನ ಮರಕ್ಕೆ ಅಟ್ಟಣೆ ಕಟ್ಟಿ ರಾತ್ರಿಯೆಲ್ಲ ಬಂದೂಕು ಹಿಡಿದು ಕಾದು ಕೂರುತ್ತಿದ್ದ, ಬೆಳಗಾದ ಮೇಲೆ ಹುಲಿಯ ತೊಗಲನ್ನು ಹೊರಿಸಿಕೊಂಡು ಸರ್ಕಾರಿ ಕಚೇರಿಗೆ ಹೋಗಿ ಇನಾಮು ಎಣಿಸಿಕೊಳ್ಳುತ್ತಿದ್ದ.